ಚರ್ಚಿನಲ್ಲಿ ಸಂಗೀತ ಕಛೇರಿ ಇದ್ದರೆ ನಾವೂ ಹೋಗಬಹುದಾ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು, ಹೊರದೇಶದಲ್ಲಿರುವ ಮಗನ ಮನೆಗೆ ಹೋದಾಗ ಇಡೀ ದಿನ ಸೋಫಾ ಮೇಲೆ ಕೂತು ಬೇಜಾರಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದರು. ಪಕ್ಕದ ಬೀದಿಯ ಚರ್ಚಿನಲ್ಲಿ ಸಂಗೀತ ಕಛೇರಿ ನಡೆಯುತ್ತಿರುತ್ತದೆ, ಹೋಗಿ ಬನ್ನಿ ಎಂದು ಒಂದೇ ಸಾಲು ಬರೆದಿದ್ದೆ. ಆ ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ. ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಅವಳ ಮನೆ ಹತ್ತಿರದ ಚರ್ಚಿನ ಮುಂದೆ ಸೆಪ್ಟೆಂಬರಿನಿಂದ ಮೇವರೆಗಿನ ಕಛೇರಿಗಳ ಪಟ್ಟಿ ಹಾಕಿದ್ದರು. ಒಳಗೆ ಹೋಗಲು ಧೈರ್ಯ ಬರಲಿಲ್ಲ. ನಾವು ಹಿಂದೂಗಳು, ಹೋದರೆ ಏನಾದರೂ ಅಂದುಕೊಳ್ಳುತ್ತಾರಾ? ಪ್ರಾರ್ಥನೆ ಮಾಡಿಸುತ್ತಾರಾ? ಸೀರೆ ಉಟ್ಟುಕೊಂಡು ಹೋಗಬಹುದಾ? — ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಹೋಗಿ ಮೇಡಂ. ಯಾರೂ ಏನೂ ಅಂದುಕೊಳ್ಳುವುದಿಲ್ಲ, ಹೊಸ ಮುಖ ಬಂತಲ್ಲ ಅಂತ ಖುಷಿಪಡುತ್ತಾರೆ ಅಷ್ಟೇ.

ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ. ಚರ್ಚಿನಲ್ಲಿ ಸಂಗೀತ ಎರಡು ಥರ ಕೇಳಲು ಸಿಗುತ್ತದೆ. ಒಂದು ಕನ್ಸರ್ಟ್. ಅಲ್ಲಿ ಪಾದ್ರಿಗಳು ಎರಡು ನಿಮಿಷ ಸ್ವಾಗತ ಹೇಳಬಹುದು, ಆಮೇಲೆ ಬರೀ ಸಂಗೀತ. ಇನ್ನೊಂದು, ಪೂಜೆಯ ಭಾಗವಾಗಿಯೇ ಹಾಡುವುದು. ಇಂಗ್ಲೆಂಡಿನ ದೊಡ್ಡ ಕ್ಯಾಥೆಡ್ರಲ್‌ಗಳಲ್ಲಿ ಸಂಜೆ ಹೊತ್ತು ಈವನ್‌ಸಾಂಗ್ ಅಂತ ನಡೆಯುತ್ತದೆ, ಮುಕ್ಕಾಲು ಗಂಟೆ, ವಾರದ ಬಹುಪಾಲು ದಿನ, ಬಿಟ್ಟಿ. ಅದು ಪ್ರಾರ್ಥನೆಯೇ. ಆದರೆ ಅಲ್ಲೂ ನೀವು ಹಿಂದೆ ಸುಮ್ಮನೆ ಕೂತು ಕೇಳಬಹುದು. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಲಂಡನ್ನಿನಲ್ಲೇ ಇರುವುದರಿಂದ ಟ್ರಫಾಲ್ಗರ್ ಸ್ಕ್ವೇರ್ ಪಕ್ಕದ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್‌ಗೆ ಒಮ್ಮೆ ಹೋಗಿ ಬನ್ನಿ. 1726ರಲ್ಲಿ ಕಟ್ಟಿ ಮುಗಿಸಿದ ಚರ್ಚು. ಮಧ್ಯಾಹ್ನದ ಕಛೇರಿಗಳಿಗೆ ಹೆಸರುವಾಸಿ. ಆಫೀಸಿನವರು ಊಟದ ವಿರಾಮದಲ್ಲಿ ಬಂದು ಕೂತು, ಕೇಳಿ, ಎದ್ದು ಹೋಗುತ್ತಾರೆ. ನೆವಿಲ್ ಮ್ಯಾರಿನರ್ 1958ರಲ್ಲಿ ಕಟ್ಟಿದ ವಾದ್ಯವೃಂದ ಇವತ್ತಿಗೂ ಆ ಚರ್ಚಿನ ಹೆಸರಿನಲ್ಲೇ ಲೋಕ ಸುತ್ತುತ್ತಿದೆ, ಅವರ ಮೊದಲ ಕಛೇರಿ ಅಲ್ಲೇ ಆದದ್ದು.

ಸೀರೆ ಧಾರಾಳವಾಗಿ ಉಡಿ. ಆದರೆ ಒಳಗೊಂದು ಥರ್ಮಲ್, ಮೇಲೊಂದು ದಪ್ಪ ಶಾಲು ಇರಲಿ. ಹಳೇ ಕಲ್ಲಿನ ಕಟ್ಟಡ, ಛಾವಣಿ ಮೂರು ಮಹಡಿ ಎತ್ತರ, ಹೀಟರ್ ಹಾಕಿದರೂ ಬಿಸಿಯೆಲ್ಲ ಮೇಲಕ್ಕೇ ಹೋಗುತ್ತದೆ. ಚಪ್ಪಲಿ ಬಿಡಬೇಕಾಗಿಲ್ಲ, ನಮಗೆ ಅದೇ ಸ್ವಲ್ಪ ಕಸಿವಿಸಿ ಅನಿಸುವುದು. ಮರದ ಬೆಂಚು ಗಟ್ಟಿ, ಬೆನ್ನು ನೋವಿದ್ದರೆ ಚಿಕ್ಕ ದಿಂಬು ತೆಗೆದುಕೊಂಡು ಹೋಗಿ. ಮುಖ್ಯವಾಗಿ, ಹಳೇ ಚರ್ಚುಗಳಲ್ಲಿ ಟಾಯ್ಲೆಟ್ ಒಂದೋ ಎರಡೋ, ಮಧ್ಯಂತರದಲ್ಲಿ ಉದ್ದ ಸಾಲು. ಮನೆಯಿಂದಲೇ ಮುಗಿಸಿಕೊಂಡು ಹೊರಡಿ. ಅರ್ಧ ಗಂಟೆ ಮುಂಚೆ ಹೋದರೆ ಕಂಬದ ಹಿಂದೆ ಕೂರುವ ಗತಿ ತಪ್ಪುತ್ತದೆ.

ಪ್ರಶ್ನೆ: ಟಿಕೆಟ್ ಇಲ್ಲ, ಬಿಟ್ಟಿ ಕಛೇರಿ ಅನ್ನುತ್ತೀರಿ. ವ್ಯಾಪಾರಿಯಾಗಿ ಕೇಳುತ್ತಿದ್ದೇನೆ, ಇದರಲ್ಲಿ ಚರ್ಚಿಗೇನು ಲಾಭ? ಜನರನ್ನು ಒಳಗೆಳೆಯುವ ಉಪಾಯ ಅಲ್ವಾ ಇದು? — ಹುಬ್ಬಳ್ಳಿಯ ಓದುಗರು

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಜನ ಬಾಗಿಲೊಳಗೆ ಬರಲಿ ಅನ್ನುವ ಆಸೆ ಚರ್ಚಿಗೆ ಇದ್ದೇ ಇರುತ್ತದೆ. ಯೂರೋಪು, ಅಮೆರಿಕದಲ್ಲಿ ಭಾನುವಾರದ ಬೆಂಚುಗಳು ಖಾಲಿಯಾಗುತ್ತಿವೆ. ಕಟ್ಟಡ ಇದೆ, ಆರ್ಗನ್ (ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ದೊಡ್ಡ ವಾದ್ಯ) ಇದೆ, ಒಳ್ಳೇ ಪಿಯಾನೊ ಇದೆ, ಊರಿನವರಿಗೆ ಉಪಯೋಗವಾಗಲಿ ಅನ್ನುತ್ತಾರೆ. ಅಷ್ಟರಿಂದ ನಿಮ್ಮ ಧರ್ಮ ಬದಲಾಗುವುದಿಲ್ಲ. ಯಾರೂ ಕೈಗೆ ಅರ್ಜಿ ಕೊಡುವುದಿಲ್ಲ, ಕೊಟ್ಟರೂ ಮುಂದಿನ ಕಛೇರಿಯ ಕರಪತ್ರ ಇರುತ್ತದೆ.

ಆದರೆ ವ್ಯಾಪಾರಿಯಾಗಿ ಕೇಳಿದ್ದೀರಲ್ಲ, ನಿಮಗೆ ಹೇಳಲೇಬೇಕಾದ ಕಥೆ ಒಂದಿದೆ. ಚರ್ಚಿನಲ್ಲಿ ಕಛೇರಿಗಳ ಸೀಸನ್ ನಡೆಸುವುದಕ್ಕೆ ಹೆಸರಾದ ಮೊದಲ ಊರುಗಳಲ್ಲಿ ಜರ್ಮನಿಯ ಲ್ಯೂಬೆಕ್ ಒಂದು, ಮತ್ತೆ ಅದಕ್ಕೆ ದುಡ್ಡು ಹಾಕಿದವರು ವ್ಯಾಪಾರಿಗಳೇ. ಬಂದರಿನ ಊರು ಅದು. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಫ್ರಾಂಜ್ ಟುಂಡರ್ ಅನ್ನುವ ಆರ್ಗನ್ ವಾದಕ ವರ್ತಕರಿಗಾಗಿ ನುಡಿಸುವ ರೂಢಿ ಹಾಕಿದ. 1668ರಲ್ಲಿ ಅವನ ಜಾಗಕ್ಕೆ ಬಂದ ಬುಕ್ಸ್ತೆಹೂಡೆ ಅದನ್ನು ದೊಡ್ಡದು ಮಾಡಿದ. ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಐದು ಭಾನುವಾರ, ಸಂಜೆ ನಾಲ್ಕರಿಂದ ಐದು, ಹಾಡುಗಾರರು, ಪಿಟೀಲು, ತುತ್ತೂರಿ ಎಲ್ಲ ಸೇರಿ ಕಛೇರಿ. ಪ್ರವೇಶ ಬಿಟ್ಟಿ. ಖರ್ಚು ಊರಿನ ಶೆಟ್ಟರದ್ದು. ಹಾಡುಗಳ ಸಾಹಿತ್ಯವನ್ನು ಅಚ್ಚು ಹಾಕಿಸಿ ದಾನಿಗಳಿಗೆ ಕಳಿಸುತ್ತಿದ್ದ, ಜೊತೆಗೆ ದುಡ್ಡಿನ ನೆನಪೂ ಹೋಗುತ್ತಿತ್ತು. ಗಲಾಟೆ ಎಷ್ಟು ಅಂದರೆ ಜನರನ್ನು ಹಿಡಿತದಲ್ಲಿಡಲು ಊರಿನ ಕಾವಲುಗಾರರನ್ನು ನಿಲ್ಲಿಸಬೇಕಾಗಿತ್ತಂತೆ.

ಅದನ್ನು ಕೇಳಲೆಂದೇ 1705ರಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗ ಆರ್ನ್‌ಶ್ಟಾಟ್ ಅನ್ನುವ ಊರಿಂದ ಸುಮಾರು 400 ಕಿಲೋಮೀಟರ್ ನಡೆದುಕೊಂಡು ಬಂದ. ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್, ಮುಂದೆ ಪಾಶ್ಚಾತ್ಯ ಸಂಗೀತದ ಬಹು ದೊಡ್ಡ ರಚನಕಾರನಾದವನು. ಕೆಲಸದಿಂದ ನಾಲ್ಕು ವಾರ ರಜೆ ಕೇಳಿದ್ದ, ನಾಲ್ಕು ತಿಂಗಳ ಹತ್ತಿರ ಅಲ್ಲೇ ಉಳಿದ. ವಾಪಸ್ ಹೋದಾಗ ಚರ್ಚಿನ ಆಡಳಿತದವರು ಚೆನ್ನಾಗಿ ಬೈದರು. ಅದೂ ದಾಖಲೆಯಲ್ಲಿದೆ. ಬುಕ್ಸ್ತೆಹೂಡೆಯ ಕೆಲಸ ಯಾರಿಗೆ ಬೇಕೋ ಅವರು ಅವನ ಮಗಳನ್ನು ಮದುವೆಯಾಗಬೇಕು ಅನ್ನುವ ಷರತ್ತೂ ಇತ್ತು. 1703ರಲ್ಲಿ ಕೆಲಸ ನೋಡಲು ಬಂದ ಇಬ್ಬರು ಗೆಳೆಯರು ಆ ಷರತ್ತು ಕೇಳಿ ಹಾಗೇ ವಾಪಸಾದರು. ಅವರಲ್ಲಿ ಒಬ್ಬ ಹ್ಯಾಂಡೆಲ್, ಅವನೂ ಮುಂದೆ ದೊಡ್ಡ ರಚನಕಾರನಾದ. ಮುಂದೆ 1707ರಲ್ಲಿ ಕೆಲಸ ಹಿಡಿದವನೇ ಅವಳ ಕೈ ಹಿಡಿದ. ವಿಷಯಕ್ಕೆ ಸಂಬಂಧವಿಲ್ಲ, ಬಿಡಿ, ಆದರೆ ಹೇಳದೆ ಇರಲಾಗಲಿಲ್ಲ.

1939ರಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಲಿ ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಸುವ ರಾಮನವಮಿ ಕಛೇರಿಗಳನ್ನು ನೆನಪಿಸಿಕೊಳ್ಳಿ. ಹಬ್ಬದ ನೆಪ, ಊರಿನವರ ದುಡ್ಡು, ಭಕ್ತಿ ಇದ್ದವನೂ ಬರುತ್ತಾನೆ, ಬರೀ ಸಂಗೀತಕ್ಕೆ ಬರುವವನೂ ಬರುತ್ತಾನೆ. ಎರಡನೆಯವನನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಇದೂ ಹಾಗೇ.

ಬಿಟ್ಟಿ ಅಂದರೆ ಖರ್ಚಿಲ್ಲ ಅಂತ ಅಲ್ಲ. ಹಾಡುವವರು ಬಹುಪಾಲು ಊರಿನ ಹವ್ಯಾಸಿಗಳು, ಆದರೆ ಕ್ವಾಯರ್ (ಚರ್ಚಿನ ಹಾಡುಗಾರರ ತಂಡ) ನಡೆಸುವ ನಿರ್ದೇಶಕರು, ಆರ್ಗನ್ ನುಡಿಸುವವರು, ಹೊರಗಿಂದ ಕರೆಸಿದ ಪಿಟೀಲಿನವರು, ಒಂದಿಬ್ಬರು ಸೋಲೊ ಗಾಯಕರು, ಇವರಿಗೆಲ್ಲ ಸಂಭಾವನೆ ಕೊಡಬೇಕು. ಪಿಯಾನೊ ಶ್ರುತಿ ಮಾಡಿಸಬೇಕು. ಚಳಿಗಾಲದಲ್ಲಿ ಹೀಟರ್ ಬಿಲ್ಲೇ ದೊಡ್ಡದು. ಆ ಹೀಟರಿಗೂ ಶ್ರುತಿಗೂ ಸಂಬಂಧ ಇದೆ: ಆರ್ಗನ್ನಿನ ಕೊಳವೆಯೊಳಗಿನ ಗಾಳಿ ಬಿಸಿಯಾದರೆ ದನಿ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಹತ್ತು ಡಿಗ್ರಿ ಹೆಚ್ಚುಕಡಿಮೆಯಾದರೆ ಸಾಮಾನ್ಯ ಕಿವಿಗೂ ಗೊತ್ತಾಗುವಷ್ಟು. ಹಾಗಾಗಿ ಕಛೇರಿಗೆ ಮುಂಚಿನಿಂದಲೇ ಕಟ್ಟಡವನ್ನು ಬೆಚ್ಚಗಿಡಬೇಕು.

ಹೊರಗೆ ಹೋಗುವಾಗ ಬುಟ್ಟಿಯೋ ತಟ್ಟೆಯೋ ಇರುತ್ತದೆ, ಈಗೀಗ ಕಾರ್ಡ್ ಉಜ್ಜುವ ಯಂತ್ರ. ಅಲ್ಲೇ ಇಷ್ಟು ಕೊಟ್ಟರೆ ಒಳ್ಳೆಯದು ಎಂದು ಬರೆದಿದ್ದರೆ ಅಷ್ಟು ಹಾಕಿ. ಕೈಲಾಗದಿದ್ದರೆ ಕಡಿಮೆ ಹಾಕಿ. ನಾಲ್ಕು ಜನ ಹೋಗಿ, ಎರಡು ಗಂಟೆ ಕೇಳಿ, ಕೊನೆಯಲ್ಲಿ ಕೊಟ್ಟ ಬಿಸ್ಕತ್ತು ಚಹಾ ಮುಗಿಸಿ, ಬುಟ್ಟಿ ಕಂಡಾಗ ಫೋನ್ ನೋಡುತ್ತಾ ಹೊರಗೆ ಬರುವುದು ಚೆನ್ನಾಗಿರುವುದಿಲ್ಲ.

ಪ್ರಶ್ನೆ: ಚಪ್ಪಾಳೆ ಯಾವಾಗ ಹೊಡೆಯಬೇಕು? ಹೋದ ಸಲ ನಾನೊಬ್ಬನೇ ಹೊಡೆದು ಎಲ್ಲರೂ ತಿರುಗಿ ನೋಡಿದರು. — ಓದುಗ, ದಾವಣಗೆರೆ

ನಾವು ತನಿಯಾವರ್ತನ ಮುಗಿಯುವ ಮುಂಚೆಯೇ ಹೊಡೆಯುವ ಜನ, ನಿಮ್ಮ ತಪ್ಪಿಲ್ಲ. ಅಲ್ಲಿ ಒಂದು ಕೃತಿ ಮೂರು ನಾಲ್ಕು ಭಾಗಗಳಲ್ಲಿರುತ್ತದೆ. ನಡುವೆ ನಿಲ್ಲಿಸುತ್ತಾರೆ, ಕೆಮ್ಮುತ್ತಾರೆ, ಹಾಳೆ ತಿರುಗಿಸುತ್ತಾರೆ. ಅಲ್ಲಿ ಹೊಡೆಯುವ ರೂಢಿ ಇಲ್ಲ. ಪೂರ್ತಿ ಮುಗಿದು, ನಿರ್ದೇಶಕರು ಕೈ ಇಳಿಸಿ ನಿಮ್ಮ ಕಡೆ ತಿರುಗಿದ ಮೇಲೆ. ಗೊತ್ತಾಗದಿದ್ದರೆ ಪಕ್ಕದವರು ಶುರು ಮಾಡಲಿ, ಅವರ ಹಿಂದೆ ನೀವು. ಪೂಜೆಯ ಭಾಗವಾಗಿ ಹಾಡಿದರೆ ಚಪ್ಪಾಳೆ ಬೇಡವೇ ಬೇಡ.

ಇನ್ನೊಂದು. ಡಿಸೆಂಬರಿನಲ್ಲಿ ಹೋದರೆ ಹ್ಯಾಂಡೆಲನ ಮೆಸ್ಸಾಯ, ಅಂದರೆ ಯೇಸುವಿನ ಮೇಲಿನ ದೊಡ್ಡ ಗಾಯನಕೃತಿ, ಕೇಳುವ ಸಂಭವ ಜಾಸ್ತಿ. ಅದರ ಎರಡನೇ ಭಾಗದ ಕೊನೆಯಲ್ಲಿ ಹಲ್ಲೆಲೂಯ ಬಂದಾಗ ಜನ ಎದ್ದು ನಿಲ್ಲುತ್ತಾರೆ. ಎರಡನೇ ಜಾರ್ಜ್ ರಾಜ ಎದ್ದು ನಿಂತಿದ್ದನಂತೆ, ಅದಕ್ಕೇ ಎಲ್ಲರೂ ನಿಲ್ಲುವುದು ಅಂತ ಕಥೆ. ರಾಜ ಅಲ್ಲಿದ್ದ ಅನ್ನುವುದಕ್ಕೆ ಆ ಕಾಲದ ಪುರಾವೆಯೇ ಇಲ್ಲ. ಈಗ ಕೆಲವರು ಬೇಕೆಂದೇ ಕೂತಿರುತ್ತಾರೆ. ಮಂಡಿ ನೋವಿದ್ದರೆ ನೀವೂ ಕೂತಿರಿ.

ಆದರೆ ಆ ಕೃತಿ ಮೊದಲು ಹಾಡಿದ ದಿನದ ವಿಷಯ ಸುಳ್ಳಲ್ಲ. 1742ರ ಏಪ್ರಿಲ್ 13, ಡಬ್ಲಿನ್. ಜಾಗ ಸಾಲದು ಅಂತ ಹೆಂಗಸರು ಅಗಲವಾದ ಬಳೆಲಂಗ ಹಾಕದೆ, ಗಂಡಸರು ಕತ್ತಿ ಕಟ್ಟದೆ ಬರಬೇಕು ಎಂದು ಮೊದಲೇ ಪತ್ರಿಕೆಯಲ್ಲಿ ಕೇಳಿಕೊಂಡಿದ್ದರು. ಹಾಡಿದ್ದು ಊರಿನ ಎರಡು ಕ್ಯಾಥೆಡ್ರಲ್‌ಗಳ ಕ್ವಾಯರ್‌ನವರು, ಕೂಡಿದ ದುಡ್ಡಿನಲ್ಲಿ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದ 142 ಜನರನ್ನು ಬಿಡಿಸಿದರು.

ಪ್ರಶ್ನೆ: ನಾನು ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತವಳು. ಕ್ವಾಯರ್ ಕೇಳಿದರೆ ತಲೆ ಗೊಂದಲವಾಗುತ್ತದೆ. ನಾಲ್ಕು ಗುಂಪು ನಾಲ್ಕು ಬೇರೆ ಬೇರೆ ಹಾಡುತ್ತಿರುತ್ತಾರೆ. ಯಾವುದನ್ನು ಹಿಡಿಯಬೇಕು? — ಸಂಗೀತ ವಿದ್ಯಾರ್ಥಿನಿ, ಮೈಸೂರು

ಒಳ್ಳೇ ಪ್ರಶ್ನೆ, ನನಗೆ ತುಂಬಾ ಇಷ್ಟವಾದ ಪತ್ರ ಇದು. ನಮ್ಮ ಕಿವಿಗೆ ತಂಬೂರಿಯ ಮೇಲೆ ಒಂದೇ ಎಳೆ ಹೋಗಬೇಕು, ಆ ಎಳೆಯ ಬಾಗು ಬಳುಕನ್ನೆಲ್ಲ ನಾವು ಹಿಂಬಾಲಿಸುತ್ತೇವೆ. ಅಲ್ಲಿ ಗಮಕ ಇಲ್ಲವೇ ಇಲ್ಲ ಅನ್ನಬಹುದು. ಸ್ವರಗಳು ನೇರವಾಗಿ ನಿಲ್ಲುತ್ತವೆ, ಯಾಕಂದರೆ ಪಕ್ಕದವರ ಸ್ವರದ ಜೊತೆ ಕೂಡಬೇಕಲ್ಲ. ನಾಲ್ಕು ಜನ ನಾಲ್ಕು ಥರ ಅಲುಗಾಡಿಸಿದರೆ ಕೂಡುವುದು ಹೇಗೆ? ಅದಕ್ಕೇ ನಮಗೆ ಮೊದಲ ಸಲ ಕೇಳಿದಾಗ ಸಪ್ಪೆ ಅನಿಸುವುದು. ಸಪ್ಪೆ ಅಲ್ಲ, ಕೆಲಸ ಬೇರೆ ಕಡೆ ನಡೆಯುತ್ತಿರುತ್ತದೆ.

ಒಂದು ಉಪಾಯ ಹೇಳುತ್ತೇನೆ. ನಾಲ್ಕು ಗುಂಪು ಅಂದರೆ ಮೇಲಿಂದ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಎಲ್ಲರ ಕಿವಿಯೂ ಮೇಲಿನ ಹೆಂಗಸರ ದನಿಗೆ ಹೋಗಿ ಅಂಟಿಕೊಳ್ಳುತ್ತದೆ. ನೀವು ಬೇಕೆಂದೇ ಅದನ್ನು ಬಿಡಿ. ಬಾಸ್ ಹಿಡಿಯಿರಿ, ಎಲ್ಲಕ್ಕಿಂತ ಕೆಳಗಿನ ಗಂಡಸರ ದನಿ. ತಂಬೂರಿಯ ಷಡ್ಜ ಅಲ್ಲಾಡುವುದಿಲ್ಲ, ಇಲ್ಲಿ ತಳವೇ ನಡೆಯುತ್ತಿರುತ್ತದೆ. ತಳ ಒಂದು ಹೆಜ್ಜೆ ಇಟ್ಟಾಗ ಮೇಲಿನ ಅದೇ ಸ್ವರ ಬೇರೆ ಬಣ್ಣಕ್ಕೆ ತಿರುಗುತ್ತದೆ. ಸೊಪ್ರಾನೊ ಒಂದೇ ಸ್ವರ ಹಿಡಿದು ನಿಂತಿದ್ದಾಳೆ, ಆದರೆ ನಿಮಗೆ ಏನೋ ಬದಲಾಯಿತಲ್ಲ ಅನಿಸಿತು ಅಂದರೆ, ಕೆಳಗೆ ಬಾಸ್ ಸರಿದಿದೆ ಅಂತ ಅರ್ಥ. ಗ್ರಹಭೇದ (ಷಡ್ಜವನ್ನೇ ಬೇರೆ ಸ್ವರಕ್ಕೆ ಸರಿಸಿ ಹೊಸ ರಾಗ ಕಾಣಿಸುವುದು) ಗೊತ್ತಿರುವವರಿಗೆ ಇದು ಬೇಗ ಹಿಡಿಸುತ್ತದೆ.

ಆಮೇಲೆ ಗಾಂಧಾರ ಕೇಳಿ. ಪಿಯಾನೊ, ಕೀಬೋರ್ಡಿನಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಅದರಿಂದ ಅಲ್ಲಿನ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರಕ್ಕಿಂತ ಸ್ವಲ್ಪ ಮೇಲೆ ಕೂತಿರುತ್ತದೆ. ಎರಡು ಸ್ವರಸ್ಥಾನದ ನಡುವಿನ ಜಾಗವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು. ನಿಮ್ಮ ಗುರುಗಳು ಕೀಬೋರ್ಡ್ ಕಂಡರೆ ಮುಖ ಸಿಂಡರಿಸುವುದು ಇದಕ್ಕೇ. ಆದರೆ ಒಳ್ಳೇ ಕ್ವಾಯರ್ ವಾದ್ಯವಿಲ್ಲದೆ ಹಾಡುವಾಗ ಕೀಬೋರ್ಡನ್ನು ಮರೆತು ತಂಬೂರಿಯ ಗಾಂಧಾರದ ಕಡೆಗೇ ಜಾರುತ್ತದೆ, ಯಾಕಂದರೆ ಕಿವಿಗೆ ಹಿತವಾದದ್ದು ಅದೇ. ಒಂದು ದೊಡ್ಡ ಕೂಡುಸ್ವರದಲ್ಲಿ ನಿಂತು ಮುಗಿಸುವಾಗ ಕಿವಿಗೊಡಿ. ಆಗ ನಿಮಗೆ ಪರಿಚಯದವರು ಸಿಕ್ಕ ಹಾಗಾಗುತ್ತದೆ.

ಕಟ್ಟಡವನ್ನೂ ಕೇಳಬೇಕು. ಒಳ್ಳೇ ಸಂಗೀತ ಸಭಾಂಗಣದಲ್ಲಿ ದನಿ ಸುಮಾರು ಎರಡು ಸೆಕೆಂಡು ಗುನುಗಿ ಅಡಗುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್‌ನಂಥ ಕ್ಯಾಥೆಡ್ರಲ್ ಖಾಲಿ ಇದ್ದಾಗ ಹತ್ತು ಸೆಕೆಂಡಿನ ಆಸುಪಾಸು. ಹಳಬರು ಆ ಗುನುಗಿಗೇ ಬರೆದರು, ಮೆಲ್ಲಗೆ ಸಾಗುವ ಉದ್ದ ಸ್ವರಗಳು, ಹಿಂದಿನದು ಮುಂದಿನದರ ಮೇಲೆ ಹಾಸಿಕೊಂಡರೂ ಕಲಸಿಹೋಗದಂತೆ. 1570ರ ಸುಮಾರಿಗೆ ಥಾಮಸ್ ಟ್ಯಾಲಿಸ್ ಬರೆದ ಒಂದು ಕೃತಿಯಲ್ಲಿ ನಾಲ್ಕಲ್ಲ, 40 ಬೇರೆ ಬೇರೆ ದನಿಗಳಿವೆ, ಐದೈದು ಜನರ ಎಂಟು ಗುಂಪು. ಅದನ್ನು ಎಳೆ ಎಳೆಯಾಗಿ ಹಿಡಿಯಲು ಯಾರಿಂದಲೂ ಆಗುವುದಿಲ್ಲ, ಹಿಡಿಯಲು ಹೋಗಬೇಡಿ. ಮೊದಲ ಸಲಕ್ಕೆ ಅದು ಬೇಡ. ಬಾಖ್‌ನ ಒಂದು ಕೊರಾಲ್‌ನಿಂದ, ಅಂದರೆ ನಾಲ್ಕು ದನಿಯ ಚಿಕ್ಕ ಪ್ರಾರ್ಥನೆ ಹಾಡಿನಿಂದ, ಶುರು ಮಾಡಿ, ಎರಡು ನಿಮಿಷ ಕೂಡ ಇರುವುದಿಲ್ಲ, ನಾಲ್ಕು ಸಲ ಕೇಳಿ, ಒಂದೊಂದು ಸಲ ಒಂದೊಂದು ದನಿ.

ಪ್ರಶ್ನೆ: ನಿದ್ದೆ ಬಂದರೆ? — ಹೆಸರು ಬೇಡ

ಬರಲಿ. ಗೊರಕೆ ಬೇಡ. ಪಕ್ಕದಲ್ಲಿ ತಿವಿಯುವವರನ್ನು ಕೂರಿಸಿಕೊಳ್ಳಿ.

ಪ್ರಶ್ನೆ: ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ, ಕೈಯಲ್ಲಿ ದುಡ್ಡು ಕಡಿಮೆ. ಒಂದೇ ಒಂದು ಕಡೆ ಹೋಗುವುದಾದರೆ? — ತಾಯಿ, ಹಾಸನ

ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚು. ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಕೆಲಸ ಮಾಡಿದ ಜಾಗ, ಅವನ ಸಮಾಧಿಯೂ ಅಲ್ಲೇ. ಅಲ್ಲಿನ ಹುಡುಗರ ಕ್ವಾಯರ್ 1212ರಷ್ಟು ಹಳೆಯದು, ಬಾಖ್ ಬರುವ ಹೊತ್ತಿಗೇ ಅದಕ್ಕೆ ಐನೂರು ವರ್ಷ ದಾಟಿತ್ತು. ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನ ಮೋಟೆಟ್ ಅಂತ ನಡೆಯುತ್ತದೆ, ಅರ್ಧ ಪ್ರಾರ್ಥನೆ, ಅರ್ಧ ಸಂಗೀತ. ಬಾಗಿಲಲ್ಲಿ ಕಾರ್ಯಕ್ರಮದ ಹಾಳೆ ಕೊಂಡರೆ ಅದೇ ಟಿಕೆಟ್, ಒಂದು ಕಾಫಿಯಷ್ಟು ಬೆಲೆ. ಶಾಲಾ ರಜೆಯಲ್ಲಿ ಹುಡುಗರ ಕ್ವಾಯರ್ ಇರುವುದಿಲ್ಲ, ನೋಡಿಕೊಂಡು ಹೋಗಲಿ. ಅಮೆರಿಕದಲ್ಲಿದ್ದಿದ್ದರೆ ನ್ಯೂಯಾರ್ಕಿನ ಹೋಲಿ ಟ್ರಿನಿಟಿ ಲೂಥರನ್ ಚರ್ಚಿನ ಹೆಸರು ಹೇಳುತ್ತಿದ್ದೆ. ಬಾಖ್ ಯಾವ ಪೂಜೆಗೆ ಅಂತ ಬರೆದನೋ ಅಂಥ ಪೂಜೆಯೊಳಗೇ ಅವನ ಕಂಟಾಟಗಳನ್ನು (ವಾದ್ಯಗಳ ಜೊತೆ ಹಾಡುವ ಕೃತಿಗಳು) ಹಾಡಿಸುವುದನ್ನು ಅವರು 1968ರಲ್ಲಿ ಶುರು ಮಾಡಿದರು.

ಪ್ರಶ್ನೆ: ಅದೆಲ್ಲ ಸರಿ, ವೀಸಾ ಇಲ್ಲದವರು ಎಲ್ಲಿ ಕೇಳಬೇಕು? — ಓದುಗರು, ರಾಜಾಜಿನಗರ

ಮೆಟ್ರೊ ಹತ್ತಿ ಎಂ.ಜಿ. ರಸ್ತೆಗೆ ಬನ್ನಿ. ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಅಲ್ಲೇ ಇದೆ. ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರ್ಯೂಸ್, 1866ರ ಕೆಂಪು ಕಟ್ಟಡ, ಒಳಗೆ ನೂರು ವರ್ಷಕ್ಕೂ ಹಳೆಯ ಪೈಪ್ ಆರ್ಗನ್. ಡಿಸೆಂಬರ್ ಬಂದರೆ ಕ್ಯಾರಲ್ ಹಾಡುಗಳು ಎಲ್ಲೆಡೆ ಇರುತ್ತವೆ. 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಕೂಡ ಕಛೇರಿ ನಡೆಸುತ್ತದೆ. ಮಂಗಳೂರಿನವರು ಈ ಪ್ರಶ್ನೆ ಕೇಳುವುದೇ ಇಲ್ಲ, ಅಲ್ಲಿ ಮನೆಗೊಬ್ಬರು ಕ್ವಾಯರಿನಲ್ಲಿದ್ದಾರೆ.

ಪಾಶ್ಚಾತ್ಯ ಸಂಗೀತ ನಮ್ಮದಲ್ಲ ಅನ್ನುವವರಿಗೆ ಒಂದು ಮಾತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಯಾರು ಗೊತ್ತಾ? ನಮ್ಮ ಜಯಚಾಮರಾಜೇಂದ್ರ ಒಡೆಯರ್. 1950ರ ಮೇ 22ರಂದು ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಲಂಡನ್ನಿನಲ್ಲಿ ಮೊದಲ ಸಲ ಹಾಡಿದ್ದು ಅವರ ಹಣದ ಬೆಂಬಲದಿಂದ. ಅದೇ ಮಹಾರಾಜರು ಕನ್ನಡ ನಾಡಿನಲ್ಲಿ ಕೂತು ಶ್ರೀವಿದ್ಯೆಯ ಅಂಕಿತ ಹಾಕಿ ಸಂಸ್ಕೃತದಲ್ಲಿ ಕೃತಿಗಳನ್ನೂ ರಚಿಸಿದರು.

ಪ್ರಶ್ನೆ: ನಾವು ಅಮೆರಿಕದಲ್ಲಿರುವ ಕನ್ನಡದವರು, ವಾರಕ್ಕೊಮ್ಮೆ ಸೇರಿ ದೇವರನಾಮ ಹಾಡುತ್ತೇವೆ. ನಮ್ಮ ಊರಿನ ಚರ್ಚು ತಮ್ಮ ಈ ವರ್ಷದ ಸೀಸನ್‌ನಲ್ಲಿ ನಮಗೊಂದು ಭಾನುವಾರ ಮಧ್ಯಾಹ್ನ ಕೊಟ್ಟಿದೆ. ಶಿಲುಬೆಯ ಮುಂದೆ ಕೂತು ಕೃಷ್ಣನ ಹಾಡು ಹಾಡಬಹುದಾ ಅಂತ ನಮ್ಮಲ್ಲೇ ಜಗಳ. — ಕನ್ನಡ ಗಾಯಕರ ಗುಂಪು, ನ್ಯೂಜೆರ್ಸಿ

ಅವರು ಕರೆದಿರುವುದೇ ನಿಮ್ಮ ಹಾಡಿಗೆ. ನೀವು ಹೋಗಿ ಅವರದ್ದೇ ಕ್ಯಾರಲ್ ಹಾಡಿದರೆ ಅವರಿಗೇನು ಹೊಸದು? ಆದರೆ ಮೊದಲೇ ಕೇಳಿಬಿಡಿ, ಸಂಕೋಚ ಬೇಡ. ಯಾವ ಹಾಡು, ಅದರ ಅರ್ಥ ಏನು, ಎರಡೆರಡು ಸಾಲು ಇಂಗ್ಲಿಷಿನಲ್ಲಿ ಬರೆದು ಸಂಗೀತ ನಿರ್ದೇಶಕರಿಗೆ ಕಳಿಸಿ. ಕೆಲವು ಚರ್ಚುಗಳು ವೇದಿಕೆಯ ಭಾಗವನ್ನು ಪೂಜೆಗೇ ಮೀಸಲಿಟ್ಟು, ಪಕ್ಕದ ಹಾಲ್ ಕೊಡುತ್ತವೆ. ಅದನ್ನು ಅವಮಾನ ಅಂದುಕೊಳ್ಳಬೇಡಿ, ನಮ್ಮಲ್ಲೂ ಗರ್ಭಗುಡಿಯ ಮುಂದೆ ಯಾರು ಎಲ್ಲಿ ಕೂರಬೇಕು ಅಂತ ಇರುತ್ತದೆ. ಅಲ್ಲಿ ದೀಪ ಹಚ್ಚಬೇಕು, ಊದುಬತ್ತಿ ಬೇಕು ಅಂತ ಹಟ ಮಾಡಬೇಡಿ. ಹೊಗೆ ಕಂಡರೆ ಅಲಾರಂ ಹೊಡೆದುಕೊಳ್ಳುತ್ತದೆ.

ನಿಮ್ಮ ನಿಜವಾದ ತೊಂದರೆ ಕೃಷ್ಣನಲ್ಲ, ಮೃದಂಗ. ಗುನುಗುವ ಕಟ್ಟಡದಲ್ಲಿ ಮೂರನೇ ಕಾಲದ ನಡೆಗಳು ಗಂಜಿಯಾಗಿಬಿಡುತ್ತವೆ, ಒಂದು ಪೆಟ್ಟು ಅಡಗುವ ಮುಂಚೆ ಹತ್ತು ಪೆಟ್ಟು ಬಿದ್ದಿರುತ್ತದೆ. ಮೃದಂಗದವರಿಗೆ ಕೈ ಹಗುರ ಇರಲಿ ಅಂತ ಮೊದಲೇ ಹೇಳಿ, ತನಿ ಚಿಕ್ಕದು ಮಾಡಿಸಿ. ಚುರುಕು ಹಾಡು ಕಡಿಮೆ ಮಾಡಿ ಒಂದೆರಡು ಉಗಾಭೋಗ ಹಾಕಿ. ತಾಳದ ಕಟ್ಟಿಲ್ಲದೆ ಆರಾಮವಾಗಿ ಎಳೆದು ಹಾಡುವ ಉಗಾಭೋಗಕ್ಕೆ ಅಂಥ ಕಟ್ಟಡಕ್ಕಿಂತ ಒಳ್ಳೇ ಜಾಗ ಸಿಗುವುದಿಲ್ಲ. ಮೈಕ್ ಆದಷ್ಟು ಬೇಡ, ಬೇಕೇ ಬೇಕು ಅಂದರೆ ತುಂಬಾ ಕಡಿಮೆ. ನಮ್ಮವರಿಗೆ ಮೈಕ್ ಸಿಕ್ಕರೆ ಮೇಲಕ್ಕೇರಿಸುವ ಚಟ, ಅಲ್ಲಿ ಅದು ಪೂರ್ತಿ ಕೆಡಿಸುತ್ತದೆ.

ನೀವು ನೆಲದ ಮೇಲೆ ಕೂತರೆ ಮೂರನೇ ಬೆಂಚಿನಿಂದ ಹಿಂದೆ ಇರುವವರಿಗೆ ನಿಮ್ಮ ತಲೆ ಕೂಡ ಕಾಣುವುದಿಲ್ಲ. ಎರಡು ಅಡಿ ಎತ್ತರದ ಮರದ ವೇದಿಕೆ ಕೇಳಿ, ಕ್ವಾಯರಿಗೆ ಹಾಕುವ ಮೆಟ್ಟಿಲು ಅವರಲ್ಲೇ ಇರುತ್ತದೆ, ಜೋಡಿಸಿಕೊಡುತ್ತಾರೆ. ಒಂದು ಗಂಟೆಗೆ ಮುಗಿಸಿ. ಒಂದು ಗಂಟೆ ಅಂದರೆ ಅವರಲ್ಲಿ ಒಂದು ಗಂಟೆಯೇ, ಮಂಗಳ ಹಾಡುವುದೂ ಅದರೊಳಗೇ ಬರಬೇಕು. ಹಿಂದಿನ ದಿನ ಮೃದಂಗ ತೆಗೆದುಕೊಂಡು ಹೋಗಿ ಅಲ್ಲೇ ಒಮ್ಮೆ ಹಾಡಿ ನೋಡಿ, ಒಬ್ಬರು ಕೊನೆಯ ಬೆಂಚಿನಲ್ಲಿ ಕೂತು ಸಾಹಿತ್ಯ ಕೇಳಿಸುತ್ತಾ ಇಲ್ವಾ ಅಂತ ಹೇಳಲಿ. ಮತ್ತೆ ಬುಟ್ಟಿಯಲ್ಲಿ ಬಿದ್ದ ದುಡ್ಡು ಯಾರಿಗೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.